ಜುರಾ ವೈನ್ ನಾಡಿಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ವೈನ್ ನಾಡು ನೋಡಬೇಕು ಅಂದರೆ ಹೆಚ್ಚಿನವರು ಬೋರ್ಡೋ, ಶಾಂಪೇನ್, ಬರ್ಗಂಡಿ ಅನ್ನುತ್ತಾರೆ. ನನ್ನನ್ನು ಕೇಳಿದರೆ ಜುರಾಕ್ಕೆ ಹೋಗಿ ಅನ್ನುತ್ತೇನೆ. ಆಗ ಸಾಲಾಗಿ ಪ್ರಶ್ನೆಗಳು ಬರುತ್ತವೆ. ಅವುಗಳಿಗೆಲ್ಲ ಇಲ್ಲಿ ಉತ್ತರ ಬರೆದಿದ್ದೇನೆ. ಕರ್ನಾಟಕದಿಂದ ಹೊರಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದದ್ದು.

ಜುರಾ ಇರುವುದೆಲ್ಲಿ? ದೊಡ್ಡ ಹೆಸರಿನ ಜಾಗ ಬಿಟ್ಟು ಅಲ್ಲಿಗೇ ಯಾಕೆ?

ಪೂರ್ವ ಫ್ರಾನ್ಸಿನಲ್ಲಿ, ಬರ್ಗಂಡಿಗೂ ಸ್ವಿಟ್ಜರ್ಲೆಂಡಿಗೂ ನಡುವೆ ಇದೆ. ಪಶ್ಚಿಮಕ್ಕೆ ಬ್ರೆಸ್ ಬಯಲು, ಪೂರ್ವಕ್ಕೆ ಜುರಾ ಬೆಟ್ಟ. ಬಯಲು ಮುಗಿದು ಬೆಟ್ಟ ಶುರುವಾಗುವ ಅಂಚಿನಲ್ಲಿ ಸುಮಾರು 80 ಕಿ.ಮೀ. ಉದ್ದದ ಇಳಿಜಾರಿನ ಪಟ್ಟಿ ಇದೆ. ದ್ರಾಕ್ಷಿ ಬೆಳೆಯುವುದು ಅಲ್ಲಿ. ಉತ್ತರದ ಸಾಲಾಂ-ಲೆ-ಬಾಂ ಊರಿಂದ ದಕ್ಷಿಣದ ಸಾಂತಾಮೂರ್ ತನಕ ವೈನ್ ಹಾದಿ ಸಾಗುತ್ತದೆ. ತೋಟಗಳೆಲ್ಲ ಸೇರಿದರೂ 2,000 ಹೆಕ್ಟೇರ್ ಆಸುಪಾಸು ಅಷ್ಟೇ. ಬೋರ್ಡೋ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಸಣ್ಣದಾಗಿರುವುದೇ ಇದರ ಗುಣ. ಇಲ್ಲಿ ನಿಮಗೆ ಗ್ಲಾಸಿಗೆ ವೈನ್ ಹಾಕಿಕೊಡುವವರು ಎಷ್ಟೋ ಸಲ ಆ ಬಳ್ಳಿಯನ್ನು ಸವರಿದವರೇ ಆಗಿರುತ್ತಾರೆ. ಉಪ್ಪಿನ ಕಾರ್ಖಾನೆ, ಚೀಸ್ ಮಾಡುವ ಸಂಘ, ಸಾವಿರ ವರ್ಷದ ಮಠ, ವಿಜ್ಞಾನಿಯ ಮನೆ ಎಲ್ಲವೂ ಒಂದೇ ಪಟ್ಟಿಯಲ್ಲಿ, ಒಂದರಿಂದ ಒಂದು ಅರ್ಧ ಗಂಟೆ ದೂರದಲ್ಲಿ ಇವೆ. ಒಂದನ್ನು ನೋಡಿದ ಮೇಲೆ ಇನ್ನೊಂದು ಯಾಕೆ ಅಲ್ಲಿದೆ ಅಂತ ತಾನಾಗಿಯೇ ತಿಳಿಯುತ್ತಾ ಹೋಗುತ್ತದೆ.

ನಾನು ಕುಡಿಯುವುದಿಲ್ಲ. ನನಗೆ ಅಲ್ಲಿ ಏನು ಕೆಲಸ?

ಬೇಕಾದಷ್ಟಿದೆ. ಈ ಪುಟದ ಅರ್ಧಕ್ಕಿಂತ ಜಾಸ್ತಿ ಭಾಗಕ್ಕೆ ಕುಡಿಯುವುದರ ಜೊತೆ ಸಂಬಂಧವೇ ಇಲ್ಲ. ತೋಟದ ನಡುವೆ ನಡೆಯುವುದಕ್ಕೆ, ನೆಲಮಾಳಿಗೆಯಲ್ಲಿ ಪೀಪಾಯಿಗಳ ಸಾಲು ನೋಡುವುದಕ್ಕೆ, ಹಬ್ಬದ ಮೆರವಣಿಗೆಯಲ್ಲಿ ನಿಲ್ಲುವುದಕ್ಕೆ ಯಾರೂ ಕುಡಿಯಿರಿ ಅಂತ ಒತ್ತಾಯ ಮಾಡುವುದಿಲ್ಲ. ಕೆಲವು ಬೆಳೆಗಾರರು ಹುಳಿ ಬರಿಸದ ಬರೀ ದ್ರಾಕ್ಷಿ ರಸವನ್ನೂ ಬಾಟಲಿ ತುಂಬಿಸಿ ಮಾರುತ್ತಾರೆ. ಕೇಳಿ ನೋಡಿ.

ಒಂದೇ ಹಬ್ಬ ನೋಡಲು ಆಗುವುದಾದರೆ ಯಾವುದು?

ಆರ್ಬ್ವಾ ಊರಿನ ಬಿಯೂ ಹಬ್ಬ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ ಇದು ನಡೆಯುತ್ತದೆ. ಆರ್ಬ್ವಾದ ಕಾವಲು ಸಂತ ಸೇಂಟ್ ಜೂಸ್ತ್. ಆತನ ದಿನದ ಹೊತ್ತಿಗೆ ಬರುವ ಹಬ್ಬ ಇದು. ಬಿಯೂ ಅಂದರೆ ದ್ರಾಕ್ಷಿಯ ಒಂದು ದೈತ್ಯ ಗೊಂಚಲು. ಊರಿನ ಬೆಳೆಗಾರರು ತಮ್ಮ ತಮ್ಮ ತೋಟದ ಮೊದಲ ಹಣ್ಣುಗಳನ್ನು ತಂದು ಕೊಡುತ್ತಾರೆ. ಕಪ್ಪು ಮತ್ತು ಬಿಳಿ ದ್ರಾಕ್ಷಿಯ ನೂರಾರು ಗೊಂಚಲುಗಳನ್ನು ಒತ್ತಾಗಿ ಕಟ್ಟಿ ಒಂದೇ ಗೊಂಚಲಿನ ಆಕಾರ ಕೊಡುತ್ತಾರೆ. ತೂಕ 80ರಿಂದ 100 ಕಿಲೋ ಬರುತ್ತದೆ. ನಾಲ್ಕು ಜನ ಅದನ್ನು ದೇವರ ಪಲ್ಲಕ್ಕಿಯ ಹಾಗೆ ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ನಡೆಯುತ್ತಾರೆ. ಮುಂದೆ ಪಿಟೀಲು ನುಡಿಸುವವರು, ಹಿಂದೆ ಬೆಳೆಗಾರರ ಕುಟುಂಬಗಳು, ಊರಿನ ಜನ. ಮೆರವಣಿಗೆ ಸೇಂಟ್ ಜೂಸ್ತ್ ಚರ್ಚು ಸೇರುತ್ತದೆ. ಅಲ್ಲಿ ಗೊಂಚಲನ್ನು ಮೇಲಕ್ಕೆ ಎತ್ತಿ ಕಟ್ಟುತ್ತಾರೆ. ಪೂಜೆ ನಡೆಯುತ್ತದೆ.

ಇದು ಪ್ರವಾಸಿಗರಿಗಾಗಿ ಮಾಡಿದ ಹಬ್ಬ ಅಲ್ಲ. ಕೊಯ್ಲು ಶುರುವಾಗುವ ಮೊದಲು, ಇನ್ನೂ ಆಲಿಕಲ್ಲು ಬೀಳಬಹುದು, ಮಳೆ ಬಂದು ಹಣ್ಣು ಕೊಳೆಯಬಹುದು ಅನ್ನುವ ಭಯ ಇರುವಾಗಲೇ, ಮೊದಲ ಹಣ್ಣನ್ನು ದೇವರಿಗೆ ಒಪ್ಪಿಸುವ ಹಬ್ಬ. ಬೆಳೆ ಬೆಳೆದ ಮನೆಯಿಂದ ಬಂದವರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಜಾಗ ಸಿಗಬೇಕಾದರೆ ಬೆಳಿಗ್ಗೆ ಬೇಗ ಚರ್ಚಿನ ದಾರಿಯಲ್ಲಿ ನಿಂತುಕೊಳ್ಳಿ. ಚರ್ಚಿನ ಒಳಗೆ ಹೋಗುವವರು ಮಾತು, ಮೊಬೈಲು ಎರಡನ್ನೂ ಬದಿಗಿಡಿ. ಅಲ್ಲಿ ಕುಳಿತವರು ಪ್ರಾರ್ಥನೆಗೆ ಬಂದವರು. ಸುತ್ತಲಿನ ಪುಪಿಯಾಂ ಮುಂತಾದ ಹಳ್ಳಿಗಳಲ್ಲೂ ಚಿಕ್ಕದಾಗಿ ಈ ಆಚರಣೆ ಇದೆ.

ಫೆಬ್ರವರಿಯ ದೊಡ್ಡ ಹಬ್ಬದ ಬಗ್ಗೆ ಕೇಳಿದ್ದೆವು. ಅದು ಹೇಗಿರುತ್ತದೆ?

ಅದು ಪರ್ಸೆ ದ್ಯು ವ್ಯಾಂ ಜೋನ್. ಆರು ವರ್ಷ ಪೀಪಾಯಿಯಲ್ಲಿ ಕಾದ ಹಳದಿ ವೈನ್ ಹೊರಬರುವ ಹಬ್ಬ. ಶುರುವಾದದ್ದು 1997ರಲ್ಲಿ, ಪೊಲಿನ್ಯಿ ಊರಿನಲ್ಲಿ. ಸಾಮಾನ್ಯವಾಗಿ ಫೆಬ್ರವರಿಯ ಮೊದಲ ವಾರಾಂತ್ಯ ನಡೆಯುತ್ತದೆ. ಪ್ರತಿ ವರ್ಷ ಊರು ಬದಲಾಗುತ್ತದೆ, ಹಾಗಾಗಿ ಟಿಕೆಟ್ ಮಾಡಿಸುವ ಮೊದಲು ಈ ಸಲ ಎಲ್ಲಿ ಅಂತ ನೋಡಿಕೊಳ್ಳಿ. ಪೂಜೆ, ಆಶೀರ್ವಾದ ಆದ ಮೇಲೆ ಎಲ್ಲರ ಎದುರು ಪೀಪಾಯಿಗೆ ತೂತು ಕೊರೆಯುತ್ತಾರೆ. ಹಳೇ ಬಾಟಲಿಗಳ ಹರಾಜೂ ಇರುತ್ತದೆ. ಪ್ರವೇಶಕ್ಕೆ ಹಣ ಕೊಟ್ಟರೆ ಒಂದು ಗ್ಲಾಸು, ರುಚಿ ನೋಡಲು ಒಂದಷ್ಟು ಚೀಟಿ ಕೊಡುತ್ತಾರೆ. ಮನೆಗಳ ನೆಲಮಾಳಿಗೆಗಳೇ ಅವತ್ತು ಅಂಗಡಿಗಳು.

ಜನ ಹತ್ತಾರು ಸಾವಿರ ಸೇರುತ್ತಾರೆ. ಚಳಿ ಜೋರಾಗಿರುತ್ತದೆ, ಹಿಮ ಬಿದ್ದರೂ ಹಬ್ಬ ನಿಲ್ಲುವುದಿಲ್ಲ. ದಪ್ಪ ಸಾಕ್ಸು, ನೀರು ಇಳಿಯದ ಶೂ ಇಲ್ಲದೆ ಹೋಗಬೇಡಿ. ಗಲಾಟೆ, ಹಾಡು, ಸಂಭ್ರಮ ಇಷ್ಟಪಡುವ ಗೆಳೆಯರ ಗುಂಪಿಗೆ ಇದು ಸರಿ. ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಬಿಯೂ ಹಬ್ಬವನ್ನೇ ಆರಿಸಿಕೊಳ್ಳಿ.

ಹಳದಿ ವೈನ್ ಅಂದರೆ ಏನು? ಅಷ್ಟೊಂದು ಮಾತು ಯಾಕೆ?

ಯಾಕೆಂದರೆ ಬೇರೆ ಕಡೆ ಕೆಟ್ಟುಹೋಯಿತು ಅಂತ ಚೆಲ್ಲುವ ಸ್ಥಿತಿಯನ್ನು ಇಲ್ಲಿನವರು ತಾಳ್ಮೆಯಿಂದ ಒಂದು ವಿದ್ಯೆಯಾಗಿ ಮಾಡಿದ್ದಾರೆ.

ಸವಾನ್ಯಾಂ ಅನ್ನುವ ಬಿಳಿ ದ್ರಾಕ್ಷಿ ಒಂದರಿಂದಲೇ ಇದನ್ನು ಮಾಡುತ್ತಾರೆ. ವೈನ್ ಪೀಪಾಯಿಯಲ್ಲಿ ಇರುವಾಗ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತದೆ. ಬೇರೆ ಕಡೆ ಆ ಜಾಗವನ್ನು ಮತ್ತೆ ಮತ್ತೆ ತುಂಬುತ್ತಾರೆ. ಗಾಳಿ ತಾಗಿದರೆ ವೈನ್ ವಿನೆಗರ್ ಆಗಿಬಿಡಬಹುದು ಅಂತ. ಜುರಾದಲ್ಲಿ ತುಂಬುವುದಿಲ್ಲ. ಆಗ ವೈನಿನ ಮೇಲೆ ಯೀಸ್ಟಿನ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ಗಾಳಿಯನ್ನು ಹಿತಮಿತವಾಗಿ ಮಾತ್ರ ಒಳಗೆ ಬಿಡುತ್ತದೆ. ಕನಿಷ್ಠ 6 ವರ್ಷ 3 ತಿಂಗಳು ಹೀಗೆ ಬಿಡಬೇಕು ಅನ್ನುತ್ತಾರೆ. ಆ ಹೊತ್ತಿಗೆ ಒಂದು ಲೀಟರಿನಲ್ಲಿ ಉಳಿಯುವುದು 62 ಸೆಂಟಿಲೀಟರ್. ಆದ್ದರಿಂದ ಬಾಟಲಿಯ ಅಳತೆಯೂ ಅಷ್ಟೇ. ಕ್ಲಾವ್ಲಾಂ ಅನ್ನುವ ಈ ಗಿಡ್ಡ, ಅಗಲ ಭುಜದ ಬಾಟಲಿಯನ್ನು ನೋಡಿದ ತಕ್ಷಣ ಗುರುತು ಹಿಡಿಯಬಹುದು. ಎಲ್ಲ ಪೀಪಾಯಿಯೂ ಗೆಲ್ಲುವುದಿಲ್ಲ. ಪದರ ಸರಿಯಾಗಿ ನಿಲ್ಲದೆ ಹೋದರೆ ಆ ವೈನನ್ನು ಬೇರೆ ದಾರಿಗೆ ಹಾಕಬೇಕಾಗುತ್ತದೆ.

ವಾಸನೆಯ ವಿಷಯ ನಮ್ಮವರಿಗೆ ಖುಷಿ ಕೊಡುತ್ತದೆ. ಅಕ್ರೋಟು, ಒಣ ಹಣ್ಣು, ಆಮೇಲೆ ಸ್ಪಷ್ಟವಾಗಿ ಮೆಂತ್ಯ! ಇದು ಸುಮ್ನೆ ಹೇಳುವ ಮಾತಲ್ಲ. ಮೆಂತ್ಯದ ಕಾಳಿಗೆ ಆ ಘಮ ಕೊಡುವ ಸೋಟೊಲೋನ್ ಅನ್ನುವ ಅಂಶವೇ ಹಳದಿ ವೈನಿನಲ್ಲೂ ಬೆಳೆಯುತ್ತದೆ. ಸಾಂಬಾರಿನ ಮನೆಯಲ್ಲಿ ಬೆಳೆದ ಮೂಗಿಗೆ ಅದು ಕೂಡಲೇ ಸಿಗುತ್ತದೆ. ಮೊದಲ ಗುಟುಕಿಗೇ ಇಷ್ಟವಾಗದಿದ್ದರೆ ಬಿಡಬೇಡಿ. ಒಂದು ತುಂಡು ಕೋಂಟೆ ಚೀಸ್, ಎರಡು ಅಕ್ರೋಟು ಬಾಯಿಗೆ ಹಾಕಿಕೊಂಡು ಮತ್ತೆ ನೋಡಿ. ತೀರಾ ತಣ್ಣಗೂ ಕುಡಿಯಬಾರದು, ಘಮ ಮುಚ್ಚಿಹೋಗುತ್ತದೆ.

ಇದು ಕೆಡದೆ ಎಷ್ಟು ಕಾಲ ಇರುತ್ತದೆ ಅಂದರೆ, 1774ರ ಬೆಳೆಯ ಒಂದು ಬಾಟಲಿ 2018ರಲ್ಲಿ ಹರಾಜಾದಾಗ 1,03,700 ಯೂರೋಗೆ ಹೋಯಿತು. ಫ್ರೆಂಚ್ ಕ್ರಾಂತಿಗೂ 15 ವರ್ಷ ಮೊದಲು ಕೊಯ್ದ ದ್ರಾಕ್ಷಿ ಅದು!

ಬೇರೆ ವೈನ್‌ಗಳು?

ಕೆಂಪಿಗೆ ಪುಲ್ಸಾರ್, ತ್ರೂಸೊ, ಪಿನೋ ನುವಾರ್. ಬಿಳಿಗೆ ಶಾರ್ಡೊನೆ, ಸವಾನ್ಯಾಂ. ಪುಲ್ಸಾರ್ ಕೆಂಪು ಎಷ್ಟು ತಿಳಿ ಅಂದರೆ ಗ್ಲಾಸಿನ ಆಚೆ ಇರುವ ಬೆರಳು ಕಾಣುತ್ತದೆ. ಹಾಗಾಗಿ ಇಲ್ಲಿ ರುಚಿ ನೋಡುವಾಗ ಕೆಂಪು ಮೊದಲು, ಬಿಳಿ ಆಮೇಲೆ. ದ್ರಾಕ್ಷಿಯನ್ನು ಕನಿಷ್ಠ 6 ವಾರ ಒಣಗಿಸಿ ಮಾಡುವ ಸಿಹಿ ವೈನ್ ವ್ಯಾಂ ದ ಪಾಯ್, ಅರ್ಧ ಬಾಟಲಿಯಲ್ಲಿ ಮಾತ್ರ ಬರುತ್ತದೆ. ನೊರೆ ಬರುವ ಕ್ರೆಮಾಂ ಬೆಲೆಗೆ ಹಗುರ, ಊಟಕ್ಕೂ ಒಗ್ಗುತ್ತದೆ.

1936ರಲ್ಲಿ ಫ್ರಾನ್ಸ್ ಸರ್ಕಾರ ವೈನ್ ಬಾಟಲಿಯ ಮೇಲೆ ಹಾಕುವ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡಲು ಶುರುಮಾಡಿದಾಗ ಮೊದಲ ಕಂತಿನಲ್ಲೇ ಆರ್ಬ್ವಾ ಹೆಸರು ಇತ್ತು.

ಆರ್ಬ್ವಾದಲ್ಲಿ ಪಾಶ್ಚರ್ ಮನೆ ಇದೆಯಂತೆ. ನೋಡಲೇಬೇಕಾ?

ನೋಡಲೇಬೇಕು. ಇಡೀ ಪ್ರವಾಸದಲ್ಲಿ ನಾನು ಯಾರಿಗೂ ಬಿಡಬೇಡಿ ಅನ್ನುವ ಜಾಗ ಇದು.

ಲೂಯಿ ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಹತ್ತಿರದ ಡೋಲ್ ಊರಿನಲ್ಲಿ. ಅಪ್ಪ ಚರ್ಮ ಹದ ಮಾಡುವವರು. ಮಗು ಚಿಕ್ಕದಿರುವಾಗಲೇ ಕುಟುಂಬ ಆರ್ಬ್ವಾಕ್ಕೆ ಬಂತು. ಕ್ವಿಜಾಂಸ್ ಹೊಳೆಯ ದಂಡೆಯ ಮೇಲೆ ಮನೆ. ಚರ್ಮ ಹದ ಮಾಡಲು ನೀರು ಬೇಕಲ್ವಾ. ಪ್ಯಾರಿಸ್ಸಿನಲ್ಲಿ ದೊಡ್ಡ ಹೆಸರಾದ ಮೇಲೂ ಅವರು ರಜೆಗೆ ಇಲ್ಲಿಗೇ ಬರುತ್ತಿದ್ದರು. ಮನೆಯನ್ನು ದೊಡ್ಡದು ಮಾಡಿಸಿ ಪ್ರಯೋಗಾಲಯ ಕಟ್ಟಿಸಿದರು. ಆ ಪ್ರಯೋಗಾಲಯ, ಮೇಜು, ಗಾಜಿನ ಸಾಮಾನು ಈಗಲೂ ಅಲ್ಲೇ ಇವೆ.

1863ರಲ್ಲಿ ಮೂರನೇ ನೆಪೋಲಿಯನ್ ಅವರಿಗೆ ಒಂದು ಕೆಲಸ ಒಪ್ಪಿಸಿದ. ಫ್ರಾನ್ಸಿನ ವೈನ್ ಸಾಗಿಸುವಾಗ, ಕೂಡಿಡುವಾಗ ಕೆಡುತ್ತಿತ್ತು. ಕಾರಣ ಹುಡುಕಬೇಕಿತ್ತು. ಪಾಶ್ಚರ್ ತಮ್ಮೂರಿನ ವೈನನ್ನೇ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಕೆಡಿಸುವುದು ಕಣ್ಣಿಗೆ ಕಾಣದ ಜೀವಿಗಳು, ಹದವಾಗಿ ಬಿಸಿ ಮಾಡಿದರೆ ಅವು ಸಾಯುತ್ತವೆ ಅಂತ ತೋರಿಸಿದರು. ನಮ್ಮ ಮನೆಗೆ ಬೆಳಿಗ್ಗೆ ಬರುವ ಹಾಲಿನ ಪ್ಯಾಕೆಟ್ಟಿನ ಹಿಂದಿರುವ ವಿದ್ಯೆ ಅದೇ.

1874ರಲ್ಲಿ ಊರಿನ ಹೊರಗೆ ಒಂದು ದ್ರಾಕ್ಷಿ ತೋಟ ಕೊಂಡರು. 1878ರ ಪ್ರಯೋಗ ನಡೆದದ್ದು ಅಲ್ಲಿ. ಹಣ್ಣು ಮಾಗುವ ಮೊದಲೇ ಕೆಲವು ಬಳ್ಳಿಗಳನ್ನು ಗಾಜಿನ ಮನೆಯೊಳಗೆ ಮುಚ್ಚಿಟ್ಟರು. ಹೊರಗಿನ ಯೀಸ್ಟ್ ಹಣ್ಣಿನ ಮೇಲೆ ಕೂರದ ಹಾಗೆ ಕಾದರು. ಆ ಹಣ್ಣಿನ ರಸ ಹುಳಿ ಬರಲಿಲ್ಲ. ಹುಳಿ ಬರಿಸುವ ಜೀವಿ ರಸದೊಳಗೆ ತಾನಾಗಿ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆ ಅನ್ನುವುದಕ್ಕೆ ಇದು ಸಾಕ್ಷಿಯಾಯಿತು. ವಾದವನ್ನು ತೋಟದಲ್ಲೇ ಗೆದ್ದ ರೀತಿ ಇದು. ಮನೆ ನೋಡಿ, ಆಮೇಲೆ ತೋಟದ ಕಡೆ ನಡೆಯಿರಿ. ಮಕ್ಕಳು ವಿಜ್ಞಾನ ಓದುತ್ತಿದ್ದರೆ ಹೋಗುವ ಮೊದಲೇ ಈ ಕಥೆ ಹೇಳಿಡಿ.

ಆರ್ಬ್ವಾದಲ್ಲಿ ಮತ್ತೇನಿದೆ?

ಕಮಾನುಗಳ ಸಾಲಿರುವ ಚೌಕ, ಹೊಳೆ ದಾಟುವ ಹಳೇ ಸೇತುವೆಗಳು, ಪೆಕೋ ಕೋಟೆಮನೆಯಲ್ಲಿ ದ್ರಾಕ್ಷಿ ಮತ್ತು ವೈನ್ ಮ್ಯೂಸಿಯಂ. ಊರಿನ ಜನಕ್ಕೆ ಸ್ವಾಭಿಮಾನ ಜಾಸ್ತಿ. 1834ರಲ್ಲಿ ಲಿಯೋಂ ನಗರದ ರೇಷ್ಮೆ ನೇಕಾರರು ದಂಗೆ ಎದ್ದಾಗ ಆರ್ಬ್ವಾದ ಬೆಳೆಗಾರರೂ ಎದ್ದರು. ನಿಮ್ಮ ನಾಯಕ ಯಾರು ಅಂತ ಕೇಳಿದ್ದಕ್ಕೆ "ನಾವೆಲ್ಲರೂ ನಾಯಕರೇ" ಅಂತ ಉತ್ತರ ಕೊಟ್ಟರಂತೆ. ಆ ಮಾತನ್ನು ಊರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ.

ತೋಟಗಳು ಇಷ್ಟು ಕಡಿಮೆ ಯಾಕೆ? ಮೊದಲಿಂದಲೂ ಹೀಗೇನಾ?

ಇಲ್ಲ. 19ನೇ ಶತಮಾನದಲ್ಲಿ ಸುಮಾರು 20,000 ಹೆಕ್ಟೇರ್ ಇತ್ತು, ಈಗಿನ ಹತ್ತರಷ್ಟು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಬೇರು ತಿನ್ನುವ ಕೀಟ ಎಲ್ಲವನ್ನೂ ಒಣಗಿಸಿತು. ಅದರ ಬೆನ್ನಿಗೇ ಯುದ್ಧಗಳು ಬಂದವು. ಜನ ನಗರಕ್ಕೆ ಹೋದರು. ಉಳಿದವರು ಅಮೆರಿಕದ ಬೇರಿಗೆ ತಮ್ಮ ಬಳ್ಳಿಯ ಕಸಿ ಕಟ್ಟಿ ಮತ್ತೆ ನೆಟ್ಟರು. ಆರ್ಬ್ವಾದ ಬೆಳೆಗಾರರು 1906ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಒಟ್ಟಿಗೆ ನಿಂತರು.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಬಳ್ಳಿಯ ರೋಗಗಳ ವಿರುದ್ಧ ಹೋರಾಡಿದವರಲ್ಲಿ ಅಲೆಕ್ಸಿ ಮಿಲಾರ್ಡೆ ದೊಡ್ಡ ಹೆಸರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು 1885ರಲ್ಲಿ ಲೋಕಕ್ಕೆ ತಿಳಿಸಿಕೊಟ್ಟವರು ಅವರು. ಕೆಲಸ ಮಾಡಿದ್ದು ಬೋರ್ಡೋದಲ್ಲಿ, ಹುಟ್ಟಿದ್ದು ಇದೇ ಜುರಾದಲ್ಲಿ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಕೊನೆಗೆ ಕೊಳೆರೋಗ ಬಾರದಂತೆ ಮಳೆಗಾಲದ ಹೊತ್ತಿಗೆ ಹೊಡೆಯುವ ಔಷಧಿ ಅದೇ. ತೋಟ ಇರುವ ಮನೆಯವರು ಜುರಾಕ್ಕೆ ಹೋದರೆ ಬೆಳೆಗಾರರ ಹತ್ತಿರ ಈ ವಿಷಯ ಎತ್ತಿ ನೋಡಿ. ಮಾತು ಬೇಗ ಮುಗಿಯುವುದಿಲ್ಲ.

ಉಪ್ಪಿನ ಕಾರ್ಖಾನೆ ನೋಡುವಂಥದ್ದಾ?

ಹೌದು. ವೈನಿಗೆ ಹೆಸರು ಬರುವ ಮೊದಲು ಈ ನಾಡಿಗೆ ಹಣ ತಂದದ್ದು ಉಪ್ಪು. ಸಮುದ್ರ ದೂರ, ಆದರೆ ನೆಲದ ಕೆಳಗೆ ಉಪ್ಪುನೀರು. ಸಾಲಾಂ-ಲೆ-ಬಾಂನಲ್ಲಿ ಅದನ್ನು ಮೇಲಕ್ಕೆತ್ತಿ ದೊಡ್ಡ ಬಾಣಲೆಗಳಲ್ಲಿ ಕಾಯಿಸಿ ಉಪ್ಪು ಮಾಡುತ್ತಿದ್ದರು. ಈ ಕೆಲಸ ನಿಂತದ್ದು 1962ರಲ್ಲಿ. ಮಧ್ಯಯುಗದ ನೆಲದಡಿಯ ಗ್ಯಾಲರಿಗೆ ಮೆಟ್ಟಿಲಿಳಿದು ಹೋಗಬಹುದು. ನೀರಿನ ಚಕ್ರದಿಂದ ನಡೆಯುವ ಪಂಪು ಇನ್ನೂ ಇದೆ. ಒಳಗೆ ತಂಪು, ಸ್ವೆಟರ್ ಇರಲಿ.

ಕಾಯಿಸಿ ಕಾಯಿಸಿ ಸುತ್ತಲಿನ ಕಾಡು ಬರಿದಾಯಿತು. ಆಗ ರಾಜನ ಕಡೆಯವರು ಉಲ್ಟಾ ಯೋಚಿಸಿದರು. ಸೌದೆಯನ್ನು ಇಲ್ಲಿಗೆ ತರುವುದರ ಬದಲು ಉಪ್ಪುನೀರನ್ನೇ ಕಾಡಿನ ಹತ್ತಿರ ಕಳಿಸಿದರು. ಮರದ ದಿಮ್ಮಿ ಕೊರೆದು ಮಾಡಿದ ಕೊಳವೆಯಲ್ಲಿ 21 ಕಿ.ಮೀ.! ಕೊಳವೆ ಮುಟ್ಟುವ ಆರ್ಕ್-ಎ-ಸೆನಾಂನಲ್ಲಿ ವಾಸ್ತುಶಿಲ್ಪಿ ಕ್ಲೋದ್-ನಿಕೊಲಾ ಲದೂ 1775ರಿಂದ 1779ರ ನಡುವೆ ಅರ್ಧಚಂದ್ರಾಕಾರದ ರಾಜ ಕಾರ್ಖಾನೆ ಕಟ್ಟಿಸಿದ. ಅದಕ್ಕೆ 1982ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಸಾಲಾಂ ಸೇರಿದ್ದು 2009ರಲ್ಲಿ. ಎರಡನ್ನೂ ಒಂದೇ ದಿನ ನೋಡಿ, ಸಾಲಾಂ ಮೊದಲು. ಬೆವರು ಸುರಿಸಿದ ಜಾಗ ನೋಡಿದ ಮೇಲೆಯೇ ಅರಮನೆಯಂಥ ಕಾರ್ಖಾನೆಯ ಅರ್ಥ ಆಗುವುದು.

ಹಳ್ಳಿಗಾಡು ನೋಡಲು ಎಲ್ಲಿಗೆ ಹೋಗಬೇಕು?

ಶಾತೊ-ಶಾಲೋಂ ಮತ್ತು ಬೋಮ್-ಲೆ-ಮೆಸ್ಸಿಯೂ. ಎರಡೂ ಹತ್ತಿರ ಹತ್ತಿರ.

ಶಾತೊ-ಶಾಲೋಂ ಬಂಡೆಯ ನೆತ್ತಿಯ ಮೇಲಿನ ಪುಟ್ಟ ಹಳ್ಳಿ. ಹಿಂದೆ ಇಲ್ಲಿ ದೊಡ್ಡ ಮನೆತನಗಳ ಹೆಣ್ಣುಮಕ್ಕಳು ಸನ್ಯಾಸಿನಿಯರಾಗಿ ಇರುತ್ತಿದ್ದ ಮಠ ಇತ್ತು. ಕೆಳಗಿನ ಇಳಿಜಾರಿನಲ್ಲಿ ಹಳದಿ ವೈನಿಗೆ ಹೆಸರಾದ ತೋಟಗಳು. ಇಲ್ಲಿನ ಬೆಳೆಗಾರರ ಶಿಸ್ತು ಮೆಚ್ಚಬೇಕು. ಹಣ್ಣು ತಕ್ಕ ಮಟ್ಟಕ್ಕೆ ಬರಲಿಲ್ಲ ಅಂತ 1974, 1980, 1984, 2001ರಲ್ಲಿ ಊರಿನ ಹೆಸರಿನ ವೈನನ್ನೇ ಮಾಡಲಿಲ್ಲ. ಒಂದು ವರ್ಷದ ಆದಾಯವನ್ನು ಹೆಸರಿಗಾಗಿ ಬಿಡುವುದು ಸಣ್ಣ ಮಾತಲ್ಲ. ಸಂಜೆ ಹೋಗಿ, ಬ್ರೆಸ್ ಬಯಲಿನ ಕಡೆ ಸೂರ್ಯ ಇಳಿಯುವುದು ಕಾಣುತ್ತದೆ.

ಬೋಮ್-ಲೆ-ಮೆಸ್ಸಿಯೂ ಇದಕ್ಕೆ ವಿರುದ್ಧ, ಕಣಿವೆಯ ತಳದಲ್ಲಿ ಕೂತ ಊರು. ಸುಣ್ಣಕಲ್ಲಿನ ಬೆಟ್ಟವನ್ನು ನೀರು ಕೊರೆದು ಮಾಡಿದ ಈ ಥರದ ಕಣಿವೆ ಮುಂದೆ ದಾರಿಯಿಲ್ಲದೆ ಮೂರು ಕಡೆ ಗೋಡೆಯಾಗಿ ನಿಲ್ಲುತ್ತದೆ. ರೆಕ್ಯುಲೆ ಅನ್ನುತ್ತಾರೆ. ಇಲ್ಲಿನ ಮಠಾಧಿಪತಿ ಬೆರ್ನೋ ಕೆಲವು ಸನ್ಯಾಸಿಗಳನ್ನು ಕರೆದುಕೊಂಡು ಹೋಗಿ 910ರಲ್ಲಿ ಕ್ಲೂನಿ ಮಠ ಕಟ್ಟಿದ. ಯುರೋಪಿನ ಚರಿತ್ರೆ ಬದಲಿಸಿದ ಮಠ ಅದು. ಹತ್ತಿರದಲ್ಲೇ ಗುಹೆ ಇದೆ, ಚಳಿಗಾಲದಲ್ಲಿ ಮುಚ್ಚಿರುತ್ತದೆ. ಪಾಚಿ ಹೊದ್ದ ಜಲಪಾತವೂ ಇದೆ. ಮಳೆ ಬಂದ ಮಾರನೆ ದಿನ ಹೋದರೆ ನೀರು ಚೆನ್ನಾಗಿರುತ್ತದೆ.

ನಡೆಯುವ ಆಸೆ ಇನ್ನೂ ಇದ್ದರೆ ಎರಿಸೋಂ ಜಲಪಾತಗಳಿಗೆ ಹೋಗಿ. ಒಂದೇ ಹೊಳೆ 31 ಕಡೆ ಧುಮುಕುತ್ತದೆ, ಎತ್ತರದ್ದು 65 ಮೀಟರ್.

ನಾವು ಸಸ್ಯಾಹಾರಿಗಳು. ಊಟಕ್ಕೆ ಕಷ್ಟವಾ?

ಸ್ವಲ್ಪ ಕಷ್ಟ, ಉಪವಾಸ ಇರಬೇಕಾದಷ್ಟು ಅಲ್ಲ. ಈ ನಾಡಿನ ಹೆಸರುವಾಸಿ ಅಡುಗೆ ಅಂದರೆ ಹಳದಿ ವೈನಿನಲ್ಲಿ ಬೇಯಿಸಿದ ಕೋಳಿ, ಹೊಗೆಯಾಡಿಸಿದ ಸಾಸೇಜ್. ಸಲಾಡ್ ಅಂದುಕೊಂಡು ತರಿಸಿದರೂ ಅದರಲ್ಲಿ ಹಂದಿಮಾಂಸದ ಚೂರು ಇರಬಹುದು. ಕೇಳಿಯೇ ತರಿಸಿ. "ಸಾಂ ವಿಯಾಂಡ್, ಸಾಂ ಪ್ವಾಸೋಂ" ಅಂದರೆ ಮಾಂಸ, ಮೀನು ಎರಡೂ ಬೇಡ ಅಂತ ಅರ್ಥವಾಗುತ್ತದೆ. ಮೊರಿಲ್ ಅಣಬೆಯನ್ನು ಕೆನೆಯಲ್ಲಿ ಬೇಯಿಸಿ ಬ್ರೆಡ್ಡಿನ ಮೇಲೆ ಹಾಕಿಕೊಡುವ ತಿಂಡಿ ತುಂಬಾ ರುಚಿ. ಅದಕ್ಕೆ ಮಾಂಸದ ಸಾರು ಬಳಸಿದ್ದಾರಾ ಅಂತ ವಿಚಾರಿಸಿ.

ಚೀಸ್ ಬಗ್ಗೆ ಎಚ್ಚರ. ಕೋಂಟೆ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಾಗಿ ಇರುವವರು ಇದನ್ನು ಮೊದಲೇ ತಿಳಿದುಕೊಂಡಿರಬೇಕು.

ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದೇ ಒಳ್ಳೆಯ ದಾರಿ. ವಾರದ ಸಂತೆಯಲ್ಲಿ ತರಕಾರಿ ಸಿಗುತ್ತದೆ, ಅಕ್ಕಿ ಎಲ್ಲ ಕಡೆ ಸಿಗುತ್ತದೆ, ಸಾಂಬಾರ್ ಪುಡಿ ನೀವು ಒಯ್ದರೆ ಆಯಿತು. ಹೋಟೆಲಿನಲ್ಲಿ ಊಟದ ಹೊತ್ತು ತಪ್ಪಿಸಬೇಡಿ. ಮಧ್ಯಾಹ್ನ 2ರ ಮೇಲೆ ಹಳ್ಳಿಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ. ಭಾನುವಾರ ಸಂಜೆ, ಸೋಮವಾರ ಬಹಳ ಕಡೆ ರಜೆ. ಕುಡಿಯುವ ನೀರಿಗೆ "ಕರಾಫ್ ದೋ" ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡುತ್ತಾರೆ.

ಕೋಂಟೆ ಮಾಡುವುದನ್ನು ನೋಡಬಹುದಾ?

ಪೊಲಿನ್ಯಿಯಲ್ಲಿ ಕೋಂಟೆ ಮ್ಯೂಸಿಯಂ ಇದೆ. ಸುಮಾರು 400 ಲೀಟರ್ ಹಸಿ ಹಾಲಿಗೆ 40 ಕಿಲೋ ತೂಕದ ಒಂದು ಚಕ್ರ ಬರುತ್ತದೆ. ಅಷ್ಟು ಹಾಲು ಒಂದು ಮನೆಯಲ್ಲಿ ಆಗುವುದಿಲ್ಲ. ಅದಕ್ಕೇ ರೈತರು ಮಧ್ಯಯುಗದಿಂದಲೂ ಹಾಲು ಒಟ್ಟು ಸೇರಿಸುವ ಸಂಘ ಕಟ್ಟಿಕೊಂಡರು. ಕನಿಷ್ಠ 4 ತಿಂಗಳು ಹಣ್ಣಾಗಬೇಕು. ಹಳ್ಳಿಯ ಚೀಸ್ ಸಂಘಕ್ಕೆ ಬೆಳಿಗ್ಗೆ ಬೇಗ ಹೋದರೆ ತಾಮ್ರದ ಹಂಡೆಯಲ್ಲಿ ಹಾಲು ಕಾಯುವುದು ನೋಡಲು ಸಿಗಬಹುದು.

ಮಕ್ಕಳಿಗೆ ಬೇಜಾರಾಗುವುದಿಲ್ಲವಾ?

ಡೈನೋಸಾರ್ ಕಾಲದ ಜುರಾಸಿಕ್ ಅನ್ನುವ ಹೆಸರು ಬಂದದ್ದೇ ಈ ಬೆಟ್ಟಗಳಿಂದ ಅಂತ ಹೇಳಿ. ಲೂಲ್ ಅನ್ನುವ ಊರಿನಲ್ಲಿ ಬಂಡೆಯ ಮೇಲೆ ಡೈನೋಸಾರ್ ಹೆಜ್ಜೆ ಗುರುತು ನೋಡಬಹುದು. ಲೋಂ-ಲ-ಸೋನಿಯೇ ಪಟ್ಟಣದಲ್ಲಿ ನಗುವ ಹಸುವಿನ ಚಿತ್ರದ ಚೀಸ್ ಹುಟ್ಟಿದ್ದು 1921ರಲ್ಲಿ, ಅದಕ್ಕೂ ಮ್ಯೂಸಿಯಂ ಇದೆ. ಫ್ರಾನ್ಸಿನ ರಾಷ್ಟ್ರಗೀತೆ ಬರೆದ ರೂಜೆ ದ ಲಿಲ್ ಹುಟ್ಟಿದ ಊರೂ ಅದೇ. ಅಲ್ಲಿನ ನಾಟಕಶಾಲೆಯ ಗಡಿಯಾರ ಗಂಟೆ ಹೊಡೆಯುವಾಗ ಆ ಗೀತೆಯ ಸ್ವರ ನುಡಿಸುತ್ತದೆ.

ತಲುಪುವುದು ಹೇಗೆ? ಕಾರು ಬೇಕೇ ಬೇಕಾ?

ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನ ಇದೆ. ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ರೈಲಿನಲ್ಲಿ ಡೋಲ್ ಸುಮಾರು 2 ಗಂಟೆ. ಅಲ್ಲಿಂದ ಸ್ಥಳೀಯ ರೈಲು ಹಿಡಿದರೆ ಆರ್ಬ್ವಾ, ಪೊಲಿನ್ಯಿ, ಲೋಂ-ಲ-ಸೋನಿಯೇ ಎಲ್ಲ ಸಿಗುತ್ತವೆ. ಜಿನೀವಾ ಕಡೆಯಿಂದ ರಸ್ತೆಯಲ್ಲಿ ಸುಮಾರು 2 ಗಂಟೆ.

ಆರ್ಬ್ವಾದಲ್ಲಿ ಉಳಿದು ಕಾಲ್ನಡಿಗೆ, ರೈಲು ಅಂತ ಓಡಾಡುವುದಾದರೆ ಕಾರು ಬೇಡ. ಬೋಮ್, ಶಾತೊ-ಶಾಲೋಂ, ಜಲಪಾತ ಬೇಕಿದ್ದರೆ ಬೇಕು. ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಆರ್‌ಟಿಒದಲ್ಲಿ ಮಾಡಿಸಿಕೊಂಡು ಹೋಗಿ. ಫ್ರಾನ್ಸಿನಲ್ಲಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಮಿತಿ. ಎರಡು ಮೂರು ಕಡೆ ರುಚಿ ನೋಡಿದರೆ ಆ ಮಿತಿ ದಾಟುವುದು ಸುಲಭ. ಗಾಡಿ ಓಡಿಸುವವರು ಯಾರು ಅಂತ ಬೆಳಿಗ್ಗೆಯೇ ತೀರ್ಮಾನಿಸಿ. ಅವರು ಅವತ್ತು ಮುಟ್ಟಬಾರದು.

ವೀಸಾ?

ಷೆಂಗೆನ್ ಅಲ್ಪಾವಧಿ ವೀಸಾ, ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ 6 ತಿಂಗಳು ಮೊದಲಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಸೆಪ್ಟೆಂಬರ್ ಹಬ್ಬಕ್ಕೆ ಹೊರಡುವವರು ಬೇಸಿಗೆ ರಜೆಯ ನೂಕುನುಗ್ಗಲಿಗೆ ಸಿಗದ ಹಾಗೆ ಬೇಗ ಮುಗಿಸಿ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಬೆಳೆಗಾರರ ಮನೆಗೆ ಹೋಗುವಾಗ ಏನು ಗಮನದಲ್ಲಿರಬೇಕು? ಫ್ರೆಂಚ್ ಬರುವುದಿಲ್ಲವಲ್ಲ.

ಫೋನ್ ಅಥವಾ ಇಮೇಲ್ ಮಾಡಿ ಸಮಯ ಕೇಳಿಯೇ ಹೋಗಿ. ಸೆಪ್ಟೆಂಬರ್ ನಡುವಿಂದ ಕೊಯ್ಲಿನ ಹೊತ್ತು, ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಒಳಗೆ ಕಾಲಿಡುತ್ತಲೇ "ಬೋಂಜೂರ್" ಅನ್ನಿ. ಅದಿಲ್ಲದೆ ಮಾತಿಗೆ ಇಳಿದರೆ ಒರಟುತನ ಅಂದುಕೊಳ್ಳುತ್ತಾರೆ. ಅಷ್ಟು ಹೇಳಿದರೆ ಮುಂದಿನದ್ದು ಕೈಸನ್ನೆ, ಮೊಬೈಲ್ ಅನುವಾದದಲ್ಲೇ ನಡೆದುಹೋಗುತ್ತದೆ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಉಗುಳುವುದು ಅವಮಾನ ಅಲ್ಲ. ತೋಟದಲ್ಲಿ ನಡೆಯುವಾಗ ಹಣ್ಣು ಕೀಳಬೇಡಿ. ದೊಡ್ಡ ಗುಂಪಾಗಿ ಹೋಗಿ ಎಲ್ಲ ರುಚಿ ನೋಡಿ ಬರಿಗೈಯಲ್ಲಿ ಹೊರಡುವುದು ಚೆನ್ನಲ್ಲ. ಒಂದು ಬಾಟಲಿಯಾದರೂ ಕೊಳ್ಳಿ. ಆ ಒಂದು ಗಂಟೆ ಅವರು ತೋಟದ ಕೆಲಸ ಬಿಟ್ಟು ನಿಮಗೆ ಕೊಟ್ಟದ್ದು.

ಎಷ್ಟು ದಿನ ಬೇಕು?

ನಾಲ್ಕು ದಿನಕ್ಕಿಂತ ಕಡಿಮೆ ಆದರೆ ಹೋಗಬೇಡಿ. ಒಂದು ವಾರ ಇದ್ದರೆ ಚೆನ್ನ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ನಡುವೆ ಒಂದು ರಾತ್ರಿ ಇಲ್ಲಿ ತುರುಕಿದರೆ ಪಾಶ್ಚರ್ ಮನೆಯೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ. ಹಬ್ಬ ಬಿಟ್ಟರೆ ಮೇ, ಜೂನ್ ಹಿತ. ಬೆಟ್ಟವೆಲ್ಲ ಹಸಿರು, ಹಸುಗಳು ಮೇವಿಗೆ ಹೊರಬಂದಿರುತ್ತವೆ. ಅಕ್ಟೋಬರಿನಲ್ಲಿ ಎಲೆ ಹಳದಿಯಾಗುತ್ತದೆ, ಸವಾನ್ಯಾಂ ಕೊಯ್ಲು ಇನ್ನೂ ನಡೆಯುತ್ತಿರಬಹುದು, ಜನವೂ ಕಡಿಮೆ.

ಊರಿಗೆ ವೈನ್ ತರಬಹುದಾ?

ತರಬಹುದು. ಭಾರತದ ಕಸ್ಟಮ್ಸ್ ಒಬ್ಬ ಪ್ರಯಾಣಿಕರಿಗೆ 2 ಲೀಟರ್ ತನಕ ಸುಂಕವಿಲ್ಲದೆ ಬಿಡುತ್ತದೆ. ಕ್ಲಾವ್ಲಾಂ ಬಾಟಲಿಯಾದರೆ ಮೂರು ಸೇರಿ 1.86 ಲೀಟರ್, ಲೆಕ್ಕಕ್ಕೆ ಸರಿಹೋಗುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಪೆಟ್ಟಿಗೆಯಲ್ಲೇ ಇಡಬೇಕು. ಬಟ್ಟೆ ಸುತ್ತಿ ನಡುವೆ ಇಟ್ಟರೆ ಸಾಕು, ಆ ಬಾಟಲಿಯ ಗಾಜು ದಪ್ಪ. ಮನೆಗೆ ಬಂದ ಮೇಲೆ ಅವಸರ ಬೇಡ. ಹಳದಿ ವೈನ್ ಹತ್ತಾರು ವರ್ಷ ಕೆಡುವುದಿಲ್ಲ, ಬಿಸಿಲು ಬೀಳದ, ತಂಪಾದ ಮೂಲೆ ಇದ್ದರೆ ಆಯಿತು. ಮುಚ್ಚಳ ತೆಗೆದ ಮೇಲೂ ಬೇರೆ ವೈನಿನ ಹಾಗೆ ಎರಡೇ ದಿನಕ್ಕೆ ಹಾಳಾಗುವುದಿಲ್ಲ, ವಾರಗಟ್ಟಲೆ ಇರುತ್ತದೆ.